ಗೋಡೆ ತಟ್ಟಿ ನೋಡಿದ ಮೂರು ದಿನ

ಗುರುವಾರ ರಾತ್ರಿ

ದಾವಣಗೆರೆ ಸ್ಟೇಷನ್ನಿನಲ್ಲಿ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್ ಹತ್ತುವಾಗ ಮಧ್ಯರಾತ್ರಿ ಆಗಿತ್ತು. ಹೆಗಲಿಗೆ ಒಂದು ಚೀಲ, ಅದರಲ್ಲಿ ಎರಡು ಜೊತೆ ಬಟ್ಟೆ, ಅಮ್ಮ ಕಟ್ಟಿಕೊಟ್ಟ ಖಾರ ಮಂಡಕ್ಕಿ. ವಿಜಯಪುರಕ್ಕೆ ಹೊರಟಿದ್ದು ಒಂದು ಸಾಕ್ಷ್ಯಚಿತ್ರ ನೋಡುವುದಕ್ಕೆ. ‘ಸಿನಿಮಾ ನೋಡೋಕೆ ಅಷ್ಟು ದೂರ ಹೋಗ್ಬೇಕಾ, ಮೊಬೈಲಲ್ಲಿ ಸಿಗಲ್ವಾ?’ ಅಂತ ಅಮ್ಮ ಕೇಳಿದರು. ಇದು ಸಿಗುವುದಿಲ್ಲ. ಬೀದಿ ಕಲಾವಿದರ ಬಗ್ಗೆ ಇಬ್ಬರು ಹುಡುಗರು ಮಾಡಿದ ಚಿತ್ರ, ಊರೂರಿಗೆ ತಾವೇ ಹೊತ್ತುಕೊಂಡು ಹೋಗಿ ತೋರಿಸುತ್ತಾರೆ. ವಿಜಯಪುರದಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿರುವ ನನ್ನ ಗೆಳೆಯ ಫೋನ್ ಮಾಡಿ, ‘ಶುಕ್ರವಾರ ಸಂಜೆ ನಮ್ಮ ಓಣಿ ಶಾಲಿ ಅಂಗಳದಾಗ ಐತಿ, ನೀ ಬರಾಕಬೇಕು’ ಅಂದಿದ್ದ.

ನಾನೇ ಯಾಕೆ ಬರಬೇಕು ಅಂತ ಅವನು ಹೇಳಲಿಲ್ಲ, ಆದರೆ ನನಗೆ ಗೊತ್ತಾಯಿತು. ನಾನು ಹನ್ನೊಂದು ವರ್ಷದಿಂದ ಫ್ಲೆಕ್ಸ್ ಅಂಗಡಿಯಲ್ಲಿ ಡಿಸೈನ್ ಮಾಡುತ್ತೇನೆ. ಹುಟ್ಟುಹಬ್ಬ, ಗೃಹಪ್ರವೇಶ, ಗಣಪತಿ ಪೆಂಡಾಲು, ಶ್ರದ್ಧಾಂಜಲಿ ಎಲ್ಲವೂ ನನ್ನ ಕಂಪ್ಯೂಟರಿನಿಂದಲೇ ಹೋಗುತ್ತವೆ. ಗಿರಾಕಿ ಬಂದರೆ ನಾನು ಕೇಳುವ ಮೊದಲ ಪ್ರಶ್ನೆ ‘ಎಷ್ಟಡಿ?’. ಆರಕ್ಕೆ ನಾಲ್ಕು, ಹತ್ತಕ್ಕೆ ಎಂಟು. ಈ ಪ್ರಶ್ನೆಯನ್ನು ಯಾಕೆ ಇಲ್ಲೇ ಹೇಳಿದೆ ಅಂತ ಮುಂದೆ ಗೊತ್ತಾಗುತ್ತದೆ.

ಶುಕ್ರವಾರ

ಕಣ್ಣು ಬಿಟ್ಟಾಗ ಬಾಗಲಕೋಟೆ ದಾಟಿ ರೈಲು ಕೃಷ್ಣೆಯ ಮೇಲೆ ನಿಧಾನವಾಗಿ ಹೋಗುತ್ತಿತ್ತು. ಎರಡೂ ಕಡೆ ನೀರು, ಮೇಲೆ ತೆಳ್ಳಗೆ ಮಂಜು. ಇದು ಆಲಮಟ್ಟಿ ಅಣೆಕಟ್ಟಿನ ಹಿನ್ನೀರು. ಹಳೇ ಬಾಗಲಕೋಟೆಯ ಎಷ್ಟೋ ಓಣಿಗಳು ಈ ನೀರಿನ ಪಾಲಾಗಿ ಜನ ನವನಗರಕ್ಕೆ ಹೋದರು. ಮನೆ, ಅಂಗಡಿ, ಕಟ್ಟೆ ಹೋದದ್ದರ ಲೆಕ್ಕ ಎಲ್ಲೋ ಇರುತ್ತದೆ. ಆ ಗೋಡೆಗಳ ಮೇಲೂ ಯಾರೋ ಕೂತು ಬಣ್ಣದಲ್ಲಿ ಅಂಗಡಿ ಹೆಸರು ಬರೆದಿರುತ್ತಾರೆ, ಅಲ್ವಾ? ಅದರ ಲೆಕ್ಕ ಯಾರ ಹತ್ತಿರವೂ ಇರಲಿಕ್ಕಿಲ್ಲ. ಬೆಳಗ್ಗೆ ಬೆಳಗ್ಗೆ ಅದೊಂದು ಯೋಚನೆ ತಲೆಗೆ ಹೊಕ್ಕಿತು.

ಸ್ಟೇಷನ್ನಿಗೆ ಗೆಳೆಯ ಬೈಕು ತಂದಿದ್ದ. ಬಿಸಿ ಸೂಸಲಾ, ಮಿರ್ಚಿ ತಿಂದು ಗೋಳಗುಮ್ಮಟಕ್ಕೆ ಹೋದೆವು. ಮುಹಮ್ಮದ್ ಆದಿಲ್ ಶಾಹನ ಸಮಾಧಿ, 1656ರಲ್ಲಿ ಮುಗಿದದ್ದು. ಹೊರಗಿನಿಂದ ಅಳೆದರೆ ಗುಮ್ಮಟದ ಅಗಲ ಸುಮಾರು 44 ಮೀಟರ್. ಮೇಲಿನ ಪಿಸುಗುಟ್ಟುವ ಗ್ಯಾಲರಿಯಲ್ಲಿ ಗೋಡೆಗೆ ಬಾಯಿಟ್ಟು ಮೆಲ್ಲಗೆ ಮಾತಾಡಿದರೆ ಎದುರು ಬದಿಗೆ ಕಿವಿಯಿಟ್ಟವರಿಗೆ ಕೇಳುತ್ತದೆ ಅಂತ ಎಲ್ಲರಿಗೂ ಗೊತ್ತು. ನಾವು ಹೋದಾಗ ಶಾಲೆಯ ಪ್ರವಾಸದ ಮಕ್ಕಳು ತುಂಬಿದ್ದರು, ಕೂಗೋ ಕೂಗು, ಪಿಸುಮಾತಿಗೆ ಜಾಗವೇ ಇರಲಿಲ್ಲ. ಆಮೇಲೆ ಆ ಮಕ್ಕಳು ಇಳಿದು ಹೋದ ಎರಡು ನಿಮಿಷ ಸಿಕ್ಕಿತು. ಗೆಳೆಯ ಎದುರು ಬದಿಗೆ ಹೋಗಿ ಗೋಡೆಗೆ ಮುಖ ಮಾಡಿ ಏನೋ ಅಂದ. ‘ಊಟಕ್ಕ ಎಣಗಾಯಿ ಮಾಡ್ಯಾರ’ ಅನ್ನೋದು ನನ್ನ ಕಿವಿಯ ಹತ್ತಿರವೇ ಯಾರೋ ನಿಂತು ಹೇಳಿದ ಹಾಗೆ ಕೇಳಿತು.

ಇಳಿಯುವಾಗ ಮೆಟ್ಟಿಲ ಗೋಡೆಯಲ್ಲಿ ಗೀಚಿದ ಹೆಸರುಗಳು ಕಂಡವು. ಹುಡುಗನ ಹೆಸರು, ಹುಡುಗಿಯ ಹೆಸರು, ನಡುವೆ ಬಾಣ. ನೋಡಿ ಹೊಟ್ಟೆ ಉರಿಯಿತು. ಪುರಾತತ್ವ ಸ್ಮಾರಕಗಳನ್ನು ಕಾಪಾಡೋಕೆ 1958ರಿಂದಲೂ ಕಾಯ್ದೆ ಇದೆ, ಜೈಲೂ ಇದೆ, ದಂಡವೂ ಇದೆ. ಆದರೂ ಕೈ ನಿಲ್ಲುವುದಿಲ್ಲ. ‘ಸಂಜಿಕಿ ನೋಡೋದೂ ಗ್ವಾಡಿ ಮ್ಯಾಲೆ ಬರದವರದ ಕತಿ, ಇದಕ್ಕೂ ಅದಕ್ಕೂ ಏನ್ ಫರಕ್ ಹೇಳು’ ಅಂತ ಗೆಳೆಯ ಕೆಣಕಿದ. ಆಗ ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ.

ಸಂಜೆ ಶಾಲೆಗೆ ಹೋದೆವು. ಬಾರಾ ಕಮಾನ್ ಹತ್ತಿರದ ಒಂದು ಓಣಿ. ಎರಡನೇ ಅಲಿ ಆದಿಲ್ ಶಾಹನಿಗೆ ಅಂತ ಶುರು ಮಾಡಿ ಮುಗಿಸದೇ ಬಿಟ್ಟ ಸಮಾಧಿ ಅದು, ಕಪ್ಪು ಕಮಾನುಗಳು ಆಕಾಶಕ್ಕೆ ತೆರೆದು ನಿಂತಿವೆ. ಶಾಲೆಯ ಅಂಗಳದಲ್ಲಿ ಜಮಖಾನ ಹಾಸಿದ್ದರು, ಹಿಂದೆ ನಾಲ್ಕು ಸಾಲು ಪ್ಲಾಸ್ಟಿಕ್ ಕುರ್ಚಿ. ಪರದೆ ಎಲ್ಲಿ ಅಂತ ಹುಡುಕಿದೆ. ಪರದೆ ಇರಲಿಲ್ಲ. ಚಿತ್ರ ಮಾಡಿದ ಹುಡುಗರು ಶಾಲೆಯ ಉದ್ದ ಗೋಡೆಯನ್ನೇ ಆರಿಸಿಕೊಂಡಿದ್ದರು. ಎಲ್ಲಿ ಹೋದರೂ ಹಾಗೇ ಮಾಡುತ್ತಾರಂತೆ, ಗೋಡೆಯ ಕತೆ ಗೋಡೆ ಮೇಲೇ ಚೆನ್ನ ಅಂತ. ಹೊಸದಾಗಿ ಸುಣ್ಣ ಹೊಡೆದ ಗೋಡೆ, ಇನ್ನೂ ಹಸಿ ಸುಣ್ಣದ ವಾಸನೆ.

ಸುಮಾರು ಎಂಬತ್ತು ಜನ ಇದ್ದೆವು. ಮಕ್ಕಳು ಮುಂದೆ, ಓಣಿಯ ಹೆಂಗಸರು ಒಂದು ಪಕ್ಕ, ಕಾಲೇಜು ಹುಡುಗರು ಗೋಡೆಗೆ ಒರಗಿ. ಮೊದಲ ಸಾಲಿನ ಕುರ್ಚಿಯಲ್ಲಿ ಬಿಳಿ ಗಡ್ಡದ ಒಬ್ಬ ಹಿರಿಯರು. ಮೊಣಕಾಲ ಮೇಲೆ ಇಟ್ಟ ಅವರ ಬೆರಳಿನ ಉಗುರುಗಳ ಸುತ್ತ ಹಸಿರು ಬಣ್ಣ. ‘ನಮ್ಮ ಚಾಚಾ, ಪೇಂಟರ್’ ಅಂತ ಗೆಳೆಯ ಪರಿಚಯ ಮಾಡಿಸಿದ. ಅವರು ಎದೆಗೆ ಕೈ ಇಟ್ಟುಕೊಂಡು ನಕ್ಕರು.

ಚಿತ್ರ ಶುರುವಾಗುವುದು ನ್ಯೂಯಾರ್ಕಿನಿಂದ. 183ನೇ ಬೀದಿಯಲ್ಲಿದ್ದ ಒಬ್ಬ ಹುಡುಗ ಊರೆಲ್ಲ ತಿರುಗಿ ಪತ್ರ, ಪೊಟ್ಟಣ ತಲುಪಿಸುವ ಕೆಲಸ ಮಾಡುತ್ತಾ ಹೋದ ಹೋದಲ್ಲೆಲ್ಲ ‘ಟಾಕಿ 183’ ಅಂತ ಬರೆದು ಬರುತ್ತಿದ್ದ. 1971ರಲ್ಲಿ ನ್ಯೂಯಾರ್ಕ್ ಟೈಮ್ಸ್ ಅವನ ಬಗ್ಗೆ ಬರೆಯಿತು. ಆಮೇಲೆ ಊರಿನ ರೈಲುಡಬ್ಬಿಗಳ ತುಂಬ ಹೆಸರುಗಳೇ. ನನಗೆ ಬೆಳಗ್ಗೆ ಗೋಳಗುಮ್ಮಟದಲ್ಲಿ ಕಂಡ ಹೆಸರುಗಳು ನೆನಪಾದವು. ಗೆಳೆಯ ಮೊಣಕೈಯಿಂದ ತಿವಿದ. ಪ್ಯಾರಿಸ್ಸಿನಲ್ಲಿ 1981ರಿಂದ ಅಚ್ಚು ಕತ್ತರಿಸಿಟ್ಟುಕೊಂಡು ಗೋಡೆ ಗೋಡೆಗೂ ಇಲಿ ಬಿಡಿಸಿದ ಬ್ಲೆಕ್ ಲೆ ರಾ ಬಂದರು. ಮುಖವನ್ನೇ ತೋರಿಸದ ಬ್ಯಾಂಕ್ಸಿ ಬಂದರು. ಲಂಡನ್ನಿನ ಹರಾಜಿನಲ್ಲಿ 2018ರಲ್ಲಿ ಅವರ ಚಿತ್ರವೊಂದು ಹತ್ತು ಲಕ್ಷ ಪೌಂಡಿಗೂ ಮೇಲೆ ಮಾರಾಟವಾದ ಕ್ಷಣವೇ ಚೌಕಟ್ಟಿನೊಳಗೆ ಅಡಗಿಸಿಟ್ಟ ಯಂತ್ರದಿಂದ ಚಿಂದಿಯಾಗುತ್ತಾ ಕೆಳಗಿಳಿದಾಗ ಅಂಗಳದಲ್ಲಿದ್ದ ಮಕ್ಕಳು ‘ಹೋ’ ಅಂತ ಕೂಗಿದರು. ನನಗೆ ಆ ಭಾಗ ಅಷ್ಟು ಹಿಡಿಸಲಿಲ್ಲ. ಹರಾಜಿನ ಕೋಣೆಗೆ ಹೋದ ಮೇಲೆ ಅದು ಬೀದಿಯ ಮಾತಾಗಿ ಉಳಿಯುವುದಿಲ್ಲ.

ಹಿಡಿಸಿದ್ದು ಕೀತ್ ಹ್ಯಾರಿಂಗ್. ನ್ಯೂಯಾರ್ಕಿನ ನೆಲದಡಿ ರೈಲಿನ ಸ್ಟೇಷನ್ನುಗಳಲ್ಲಿ ಜಾಹೀರಾತಿನ ಅವಧಿ ಮುಗಿದರೆ ಅದರ ಮೇಲೆ ಕಪ್ಪು ಕಾಗದ ಅಂಟಿಸಿ ಬಿಡುತ್ತಿದ್ದರು. ಎಲ್ಲರೂ ದಿನವೂ ಅದನ್ನು ನೋಡಿಕೊಂಡೇ ಓಡಾಡುತ್ತಿದ್ದರು, ಇವರಿಗೆ ಮಾತ್ರ ಅದು ಶಾಲೆಯ ಕಪ್ಪು ಹಲಗೆಯ ಹಾಗೆ ಕಂಡಿತು. 1980ರಿಂದ 1985ರವರೆಗೆ ಬಿಳಿ ಸೀಮೆಸುಣ್ಣ ಹಿಡಿದು ಒಂದೇ ಗೆರೆಯಲ್ಲಿ ಮಗು, ನಾಯಿ, ಕುಣಿಯುವ ಜನ. ಪೊಲೀಸರು ಹಿಡಿದರು, ದಂಡ ಹಾಕಿದರು, ಇವರು ಮತ್ತೆ ಹೋದರು. ಸೀಮೆಸುಣ್ಣ ಅಳಿಸಿ ಹೋಗುತ್ತದೆ, ಅದರ ಮೇಲೆ ಹೊಸ ಜಾಹೀರಾತು ಬರುತ್ತದೆ ಅಂತ ಗೊತ್ತಿದ್ದೇ ಬರೆದದ್ದು. ಕಪ್ಪು ಕಾಗದದ ಮೇಲೆ ಆ ಬಿಳಿ ಗೆರೆ ಓಡುತ್ತಿತ್ತು, ಇನ್ನೇನು ಮಗುವಿನ ಕಾಲು ಮುಗಿಯಬೇಕು, ಕರೆಂಟ್ ಹೋಯಿತು.

ಕತ್ತಲು. ಮಕ್ಕಳ ಸಿಳ್ಳೆ. ಜನರೇಟರ್ ಇರಲಿಲ್ಲ, ಯಾರೋ ತರುವುದಕ್ಕೆ ಓಡಿದರು. ಆಗ ಚಾಚಾ ಎದ್ದು ಗೋಡೆಯ ಹತ್ತಿರ ಹೋಗಿ ಬೆರಳ ಗೆಣ್ಣಿನಿಂದ ತಟ್ಟಿದರು. ಒಂದು ಕಡೆ ಟಕ್ ಟಕ್, ಎರಡು ಹೆಜ್ಜೆ ಆಚೆ ಡಬ್ ಡಬ್. ‘ಇಲ್ಲಿ ಪೊಳ್ಳಾಗೈತಿ’ ಅಂದರು ತಮಗೆ ತಾವೇ. ಆಮೇಲೆ ನನ್ನ ಕಡೆ ತಿರುಗಿ, ‘ತಮ್ಮಾ, ನಿನ್ನ ಮೊಬೈಲ್ ಬ್ಯಾಟರಿ ಹಚ್ಚು. ಎದುರಿಗಿ ಹಿಡೀಬ್ಯಾಡ, ಗ್ವಾಡಿಗಿ ಹಚ್ಚಿ, ಬಾಜೂಕಿಂದ ಹಿಡಿ’ ಅಂದರು.

ಹಿಡಿದೆ. ಬೆಳಕು ಗೋಡೆಗೆ ಸವರಿಕೊಂಡು ಅಡ್ಡಕ್ಕೆ ಹೋದಾಗ ಸುಣ್ಣದ ಕೆಳಗಿಂದ ಅಕ್ಷರಗಳು ಎದ್ದುಬಂದವು. ನಿಜವಾಗಿ ಎದ್ದುಬಂದವು. ಬಿಳಿಯ ಮೇಲೆ ಬಿಳಿಯ ಉಬ್ಬು, ಅದರ ಅಂಚಿಗೆ ಕೂದಲೆಳೆಯಷ್ಟು ನೆರಳು. ‘…ಬ್ಬಳು ಕೀರ್ತಿಗೊ…’ ಅಂತ ಓದಿದೆ. ಪಕ್ಕದಲ್ಲಿ ತಲೆಕೆಳಗಾದ ಒಂದು ತ್ರಿಕೋನ. ಕುಟುಂಬ ಯೋಜನೆಯ ಹಳೇ ಗೋಡೆಬರಹ! ‘ಆರತಿಗೊಬ್ಬಳು ಕೀರ್ತಿಗೊಬ್ಬ’. ಎಣ್ಣೆಬಣ್ಣ ದಪ್ಪಗೆ ಹಚ್ಚಿದ್ದರಿಂದ ಎಷ್ಟು ಸಲ ಸುಣ್ಣ ಹೊಡೆದರೂ ಉಬ್ಬು ಹೋಗಿರಲಿಲ್ಲ. ಪೂರ್ತಿ ಒಂದೂವರೆ ಗಂಟೆಯಿಂದ ನಾವು ಅದನ್ನೇ ನೋಡುತ್ತಾ ಕೂತಿದ್ದೆವು, ಕಂಡಿರಲಿಲ್ಲ.

ಚಾಚಾ ಆ ‘ಳು’ ಮೇಲೆ ಬೆರಳು ಆಡಿಸಿದರು. ಬಾಲ ಬಲಕ್ಕೆ ಹೋಗಿ ಸಣ್ಣಗೆ ಮೇಲೆ ತಿರುಗಿತ್ತು, ಹಬ್ಬದ ದಿನ ಮೀಸೆ ತಿರುವಿದ ಹಾಗೆ. ‘ಇದು ನಮ್ಮ ಉಸ್ತಾದರ ಕೈ’ ಅಂದರು. ‘ನಾ ಆವಾಗ ಬಣ್ಣ ಕಲಸಾಂವ. ಈ ಬಾಲ ಅವರ ಒಬ್ಬರದ. ಬ್ಯಾರೆ ಯಾರೂ ಹಂಗ ಎಳೀತಿದ್ದಿಲ್ಲ.’ ಮೂಲೆಯಲ್ಲಿ ಹೆಸರು ಏನಾದರೂ ಇದೆಯಾ ಅಂತ ನಾನು ಬೆಳಕು ಹಿಡಿದು ಹುಡುಕಿದೆ. ‘ಹುಡುಕಬ್ಯಾಡ, ಸರ್ಕಾರದ ಕೆಲಸಕ್ಕ ಹೆಸರು ಹಾಕ್ತಿದ್ದಿಲ್ಲ’ ಅಂದರು. ಅಷ್ಟರಲ್ಲಿ ಮಕ್ಕಳೆಲ್ಲ ಸುತ್ತ ಸೇರಿ ತಾವೂ ಗೋಡೆ ಮುಟ್ಟತೊಡಗಿದ್ದರು.

ಕರೆಂಟ್ ಬಂತು. ಉಳಿದ ಚಿತ್ರವನ್ನು ನಾನು ಬೇರೆ ಕಣ್ಣಿನಿಂದ ನೋಡಿದೆ. ಬೆಳ್ಳಗಿನ ದೃಶ್ಯ ಬಂದಾಗಲೆಲ್ಲ ಆ ಉಬ್ಬು ಚಿತ್ರದೊಳಗೆ ಮಸುಕಾಗಿ ಕಾಣಿಸುತ್ತಿತ್ತು. ದೆಹಲಿಯ ಲೋಧಿ ಕಾಲೊನಿಯ ಸರ್ಕಾರಿ ಕ್ವಾರ್ಟರ್ಸಿನ ಎತ್ತರದ ಗೋಡೆಗಳು, ಅಲ್ಲಿ ಕಮಾನಿನ ಬಾಗಿಲನ್ನೇ ಚಿತ್ರದ ಒಳಗೆ ಸೇರಿಸಿಕೊಂಡು ಬಿಡಿಸಿದವರು. 2016ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಅರವಾನಿ ಆರ್ಟ್ ಪ್ರಾಜೆಕ್ಟ್. ಲಿಂಗತ್ವ ಅಲ್ಪಸಂಖ್ಯಾತ ಹೆಣ್ಣುಮಕ್ಕಳು ತಾವೇ ಸ್ಕ್ಯಾಫೋಲ್ಡ್ ಹತ್ತಿ, ಯಾವ ಬೀದಿಯಲ್ಲಿ ಜನ ತಮ್ಮನ್ನು ನೋಡಿಯೂ ನೋಡದ ಹಾಗೆ ಹೋಗುತ್ತಿದ್ದರೋ ಅಂಥ ಬೀದಿಯಲ್ಲೇ ದೊಡ್ಡ ದೊಡ್ಡ ಮುಖ ಬರೆಯುತ್ತಾರೆ. ಹೆಂಗಸರ ಗುಂಪಿನಲ್ಲಿ ಆಗ ಒಂದು ಮಾತೂ ಇರಲಿಲ್ಲ, ಎಲ್ಲರೂ ನೋಡುತ್ತಿದ್ದರು.

ಕೊನೆಗೆ ನಮ್ಮವರೇ ಆದ ಬಾದಲ್ ನಂಜುಂಡಸ್ವಾಮಿ. 2015ರಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ರಸ್ತೆಯಲ್ಲಿ ದೊಡ್ಡ ಗುಂಡಿ ಬಿದ್ದು ನೀರು ನಿಂತಿತ್ತು. ಅವರು ಅದಕ್ಕೆ ಹಸಿರು ಬಣ್ಣ ಹಾಕಿ ಒಳಗೊಂದು ಮೊಸಳೆ ತಂದಿಟ್ಟರು. 2019ರಲ್ಲಿ ಗುಂಡಿ ಬಿದ್ದ ಇನ್ನೊಂದು ರಸ್ತೆಯಲ್ಲಿ ಗಗನಯಾತ್ರಿಯ ದಿರಿಸು ಹಾಕಿ ಒಬ್ಬರನ್ನು ರಾತ್ರಿ ನಡೆಸಿದರು. ನೋಡಿದರೆ ಥೇಟ್ ಚಂದ್ರನ ಮೇಲೆ ನಡೆದ ಹಾಗೆ. ಪಕ್ಕದಲ್ಲಿ ಆಟೋ ಬಂದಾಗಲೇ ಅದು ನಮ್ಮ ರಸ್ತೆ ಅಂತ ಗೊತ್ತಾಗುತ್ತದೆ. ಗುಂಡಿ ಎಲ್ಲರ ಕಣ್ಣಿಗೂ ಬಿದ್ದಿತ್ತು. ಗುಂಡಿಯಲ್ಲಿ ಚಂದ್ರನ ನೆಲ ಕಂಡದ್ದು ಅವರೊಬ್ಬರಿಗೆ.

ಪ್ರಶ್ನೆ ಕೇಳುವ ಹೊತ್ತಿಗೆ ಒಂಬತ್ತನೇ ಕ್ಲಾಸಿನ ಒಬ್ಬಳು ಹುಡುಗಿ ಎದ್ದು, ‘ಕೇಳಲಾರದ ಮಂದಿ ಗ್ವಾಡಿ ಮ್ಯಾಲೆ ಬರಿಯೋದು ತಪ್ಪಲ್ಲೇನ್ರಿ?’ ಅಂದಳು. ಬಹಳ ನೇರ ಪ್ರಶ್ನೆ. ಚಿತ್ರ ಮಾಡಿದವರು ಜಾರಿಕೊಳ್ಳಲಿಲ್ಲ. ನಮ್ಮ ರಾಜ್ಯದಲ್ಲಿ 1981ರಿಂದಲೇ ತೆರೆದ ಜಾಗಗಳ ಅಂದಗೆಡಿಸುವುದನ್ನು ತಡೆಯುವ ಕಾಯ್ದೆ ಇದೆ, ಒಪ್ಪಿಗೆ ಇಲ್ಲದೆ ಬರೆದರೂ ಅಂಟಿಸಿದರೂ ಅಪರಾಧ, ಆದ್ದರಿಂದ ತಾವು ಚಿತ್ರ ತೆಗೆದ ಎಷ್ಟೋ ಕಲಾವಿದರು ಈಗ ಮನೆಯವರನ್ನು, ಪಾಲಿಕೆಯವರನ್ನು ಕೇಳಿಯೇ ಬರೆಯುತ್ತಾರೆ ಅಂದರು. ಹುಡುಗಿಗೆ ಪೂರ್ತಿ ಸಮಾಧಾನ ಆದ ಹಾಗೆ ಕಾಣಲಿಲ್ಲ. ಚಾಚಾ ಕುರ್ಚಿಯಲ್ಲೇ ಕೂತು, ‘ಅವ್ವಾ, ಮನಿಯವರ್ನ ಕೇಳಬೇಕು ಖರೆ. ಆದರ ಮೊದಲ ಗ್ವಾಡಿನ್ನ ಕೇಳಬೇಕು. ಅದು ಬ್ಯಾಡ ಅಂದ್ರ ಬಣ್ಣ ನಿಲ್ಲಂಗಿಲ್ಲ’ ಅಂದರು. ಜನ ನಕ್ಕರು. ನನಗೆ ನಗು ಬರಲಿಲ್ಲ, ಬೆಳಗ್ಗೆ ಗೆಳೆಯ ಕೇಳಿದ ಫರಕಿಗೆ ಉತ್ತರ ಸಿಕ್ಕಿತ್ತು. ಗೋಳಗುಮ್ಮಟದಲ್ಲಿ ಗೀಚಿದವನು ಗೋಡೆಯನ್ನು ನೋಡಿಯೇ ಇಲ್ಲ. ಅವನಿಗೆ ಅದು ಖಾಲಿ ಜಾಗ, ಅಷ್ಟೇ.

ಶನಿವಾರ

ಚಾಚಾ ‘ನಾಳೆ ಕೆಲಸ ಐತಿ, ನೋಡೂದಿದ್ರ ಬಾ’ ಅಂದಿದ್ದರು. ಬೆಳಗ್ಗೆ ಎಂಟಕ್ಕೇ ಹೋದೆ. ಊರ ಹೊರಗಿನ ಒಂದು ಗ್ಯಾರೇಜಿನ ಮುಂದೆ ಬೇವಿನ ಮರ, ಅದರ ನೆರಳಿಗೆ ಕಬ್ಬು ಹೇರುವ ಟ್ರ್ಯಾಕ್ಟರಿನ ಟ್ರೇಲರ್. ಅದರ ಹಿಂದಿನ ತಗಡಿಗೆ ‘ಶ್ರೀ ಸಿದ್ಧೇಶ್ವರ ಪ್ರಸನ್ನ’ ಅಂತ ಬರೆಯಬೇಕು. ಟ್ರೇಲರ್ ಮಾಲೀಕ ರೈತ ಅಲ್ಲೇ ಕಟ್ಟೆಯ ಮೇಲೆ ಕೂತಿದ್ದ. ರೇಡಿಯಂ ಯಾಕೆ ಅಂಟಿಸಲಿಲ್ಲ ಅಂತ ಕೇಳಿದೆ. ‘ಒಂದ ಸೀಜನ್ನಿಗೆ ಕಿತ್ತ ಹೋಕ್ಕೈತ್ರಿ. ಚಾಚಾ ಬರದದ್ದು ಟ್ರೇಲರ್ ಮಾರಿದ್ರೂ ಇರ್ತೈತಿ’ ಅಂದ.

ಚಾಚಾ ಕುಂಚ ತೆಗೆಯುವುದಕ್ಕೆ ಮೊದಲು ಅರ್ಧ ಗಂಟೆ ಸುಮ್ನೆ ತಗಡು ನೋಡಿದರು. ಕೈಯಾಡಿಸಿದರು. ಬಟ್ಟೆಯಿಂದ ಒರೆಸಿದರು. ಹಿಂದಕ್ಕೆ ಹತ್ತು ಹೆಜ್ಜೆ ಹೋಗಿ ನಿಂತರು. ನಡುವೆ ಬಲಕ್ಕೆ ಸ್ವಲ್ಪ ಸರಿದು ಅಂಗೈಯಗಲ ನೆಗ್ಗಿತ್ತು, ಯಾವುದೋ ಲಾರಿ ತಾಗಿ. ನಾನಾಗಿದ್ದರೆ ಅದನ್ನು ಕಂಡೇ ಇರುತ್ತಿರಲಿಲ್ಲ.

ಆಮೇಲೆ ನೂಲು. ನೀಲಿ ಪುಡಿಯಲ್ಲಿ ಅದ್ದಿ, ಒಂದು ತುದಿ ರೈತನ ಕೈಗೆ, ಇನ್ನೊಂದು ನನ್ನ ಕೈಗೆ ಕೊಟ್ಟು, ನಡುವೆ ಎಳೆದು ಬಿಟ್ಟರು. ಟಪ್. ತಗಡಿನ ಮೇಲೆ ನೇರ ನೀಲಿ ಗೆರೆ. ಹೀಗೆ ಮೂರು. ಎರಡು ಗೆರೆ ಸಾಕಲ್ಲ ಅಂದೆ.

‘ಇಂಗ್ಲಿಷಿಗೆ ಸಾಕು. ಕನ್ನಡಕ್ಕ ಮೂರು ಬೇಕು. ಇದರಾಗ ಒತ್ತು ಎಷ್ಟ ಅದಾವ ಎಣಿಸು.’

ಎಣಿಸಿದೆ. ಶ್ರೀ, ದ್ಧೇ, ಶ್ವ, ಪ್ರ, ನ್ನ. ಐದು. ಎಂಟು ಅಕ್ಷರದಲ್ಲಿ ಐದಕ್ಕೆ ಒತ್ತು. ದಿನಕ್ಕೆ ನೂರು ಸಲ ಟೈಪ್ ಮಾಡುವ ನಾನು ಒತ್ತಕ್ಷರಕ್ಕೆ ಕೆಳಗೆ ಒಂದು ಮನೆ ಬೇಕು ಅಂತ ಯಾವತ್ತೂ ಯೋಚಿಸಿರಲಿಲ್ಲ, ಫಾಂಟ್ ನೋಡಿಕೊಳ್ಳುತ್ತದೆ. ಒತ್ತು ಕೆಳಗಿನ ಸಾಲಿಗೆ ತಾಗಿದರೆ ಸಾಲಿನ ಅಂತರ ಎಳೆದು ಜಾಸ್ತಿ ಮಾಡುತ್ತೇನೆ, ಮುಗಿಯಿತು. ಚಾಚಾ ನಾಲ್ಕು ಲಿಪಿ ಬರೆಯುತ್ತಾರೆ, ಈ ಊರಿನಲ್ಲಿ ಅದು ಬೇಕೇಬೇಕು. ಕುಂಚ ಟರ್ಪಂಟೈನಿಗೆ ಅದ್ದುತ್ತಾ ಹೇಳಿದರು: ‘ಮರಾಠಿ ಮ್ಯಾಲಿನ ಗೆರಿಗೆ ಜೋತ ಬೀಳ್ತೈತಿ. ಉರ್ದು ಬಲಗಡಿಂದ ಹರಕೋತ ಬರ್ತೈತಿ. ಇಂಗ್ಲಿಷ್ ನಿಂತಿರ್ತೈತಿ. ಕನ್ನಡ ಮಾತ್ರ ಚಕ್ಕಳಮಕ್ಕಳ ಹಾಕ್ಕೊಂಡು ಕುಂತಿರ್ತೈತಿ. ಕುಂತವರಿಗೆ ಜಾಗ ಜಾಸ್ತಿ ಬೇಕಲ್ಲ.’

ಈ ಮಾತನ್ನು ನಾನು ಊರಿಗೆ ಬಂದ ಮೇಲೂ ದಿನಾ ನೆನೆಸಿಕೊಳ್ಳುತ್ತಿದ್ದೇನೆ.

ಬರೆಯುವಾಗ ಅವರು ಎಡಗೈಯಲ್ಲಿ ಒಂದು ಕೋಲನ್ನು ತಗಡಿಗೆ ಆನಿಸಿ ಹಿಡಿಯುತ್ತಾರೆ, ಕೋಲಿನ ತುದಿಗೆ ಬಟ್ಟೆಯ ಉಂಡೆ. ಬಲಗೈ ಅದರ ಮೇಲೆ ಕೂರುತ್ತದೆ. ಉಸಿರು ಬಿಗಿಹಿಡಿದು ಒಂದು ಎಳೆತ, ಆಮೇಲೆ ಉಸಿರು. ‘ಸಿ’ಯ ಗುಡಿಸು ಒಂದೇ ಉಸಿರು. ಎಪ್ಪತ್ತು ದಾಟಿದ ಕೈ ಹಾಗೇ ಗಾಳಿಯಲ್ಲಿ ಇದ್ದಾಗ ನಡುಗುತ್ತದೆ, ಕುಂಚ ತಗಡಿಗೆ ತಾಗಿದ ಕೂಡಲೇ ನಡುಕ ನಿಲ್ಲುತ್ತದೆ. ನಾನು ಹತ್ತಿರದಿಂದ ನೋಡಿದೆ, ಎರಡು ಮೂರು ಸಲ ನೋಡಿದೆ.

ನೆಗ್ಗಿದ ಜಾಗ ‘ಸಿದ್ಧೇಶ್ವರ’ಕ್ಕೂ ‘ಪ್ರಸನ್ನ’ಕ್ಕೂ ನಡುವೆ ಬರುವ ಹಾಗೆ ಮೊದಲೇ ಲೆಕ್ಕ ಹಾಕಿದ್ದರು. ಅಲ್ಲಿಗೆ ಬಂದಾಗ ಕುಂಚ ಬದಲಿಸಿ ಆ ತಗ್ಗಿನ ಸುತ್ತ ಕಮಲದ ಎಸಳು ಎಳೆದರು. ನಡುವಿಗೆ ಬಣ್ಣವನ್ನೇ ಹಚ್ಚಲಿಲ್ಲ. ತಗಡಿನ ತಗ್ಗಿನಲ್ಲಿ ಬಿಸಿಲಿನ ನೆರಳು ತಾನೇ ಬಿದ್ದು ಹೂವಿಗೆ ಆಳ ಬಂತು. ಅದುವರೆಗೂ ಬೀಡಿ ಸೇದುತ್ತಾ ಕೂತಿದ್ದ ರೈತ ಎದ್ದು ಹತ್ತಿರ ಬಂದು, ‘ಅಲಲಲಾ!’ ಅಂದ. ಹಿಂದಿನ ರಾತ್ರಿ ನೋಡಿದ ಮೊಸಳೆಗುಂಡಿ, ಕಪ್ಪು ಕಾಗದ ಎಲ್ಲ ನನಗೆ ಒಟ್ಟಿಗೇ ನೆನಪಾದವು. ಬೆಂಗಳೂರಿಗೂ ನ್ಯೂಯಾರ್ಕಿಗೂ ಹೋಗದ ಚಾಚಾ ಅದೇ ಕೆಲಸ ಮಾಡಿದ್ದರು.

ಆಗಲೇ ಹೇಳಿಬಿಟ್ಟೆ. ‘ಚಾಚಾ, ನಾನು ಫ್ಲೆಕ್ಸ್ ಡಿಸೈನ್ ಮಾಡೋನು.’ ಹಿಂದಿನ ದಿನದಿಂದ ಹೇಳದೆ ಇಟ್ಟುಕೊಂಡಿದ್ದೆ. ಈ ಕುಂಚದ ಕೆಲಸ ಹೋದದ್ದು ನಮ್ಮಿಂದ, ಅದು ನನಗೆ ಗೊತ್ತು. ಫ್ಲೆಕ್ಸ್ ಬಂದ ಮೇಲೆ ಸಿನಿಮಾ ಬ್ಯಾನರ್ ಬರೆಯುವವರು, ಅಂಗಡಿ ಬೋರ್ಡ್ ಬರೆಯುವವರು ಒಬ್ಬೊಬ್ಬರಾಗಿ ಬಿಟ್ಟರು. ದಾವಣಗೆರೆಯಲ್ಲಿ ನನಗೆ ಗೊತ್ತಿದ್ದ ಒಬ್ಬರು ಈಗ ಮನೆಗಳಿಗೆ ಡಿಸ್ಟೆಂಪರ್ ಹೊಡೆಯುತ್ತಾರೆ. 2018ರಲ್ಲಿ ಹೈಕೋರ್ಟ್ ಗದರಿದ ಮೇಲೆ ಬೆಂಗಳೂರಿನಲ್ಲಿ ಫ್ಲೆಕ್ಸುಗಳನ್ನೆಲ್ಲ ಕಿತ್ತು ಹಾಕಿದಾಗ ನಮ್ಮ ಅಂಗಡಿಯಲ್ಲೂ ಹೆದರಿಕೆ ಹುಟ್ಟಿತ್ತು. ಆದರೆ ಆಗಲೂ ಕುಂಚದವರು ಮರಳಿ ಬರಲಿಲ್ಲ, ಅವರು ಆಗಲೇ ಬೇರೆ ಕೆಲಸ ಹಿಡಿದಿದ್ದರು.

ಚಾಚಾ ಕುಂಚ ಒರೆಸುತ್ತಿದ್ದರು. ಸಿಟ್ಟು ಮಾಡಿಕೊಳ್ಳಲಿಲ್ಲ. ‘ಹೊಟ್ಟಿಪಾಡು ಎಲ್ಲರಿಗೂ ಐತಿ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಒಂದ ಮಾತು ತಮ್ಮಾ. ನಿನ್ನ ಕಂಪ್ಯೂಟರ್‌ದಾಗ ಗ್ವಾಡಿ ಇಲ್ಲ ನೋಡು’ ಅಂದರು.

ನಾನು ಕೇಳುವ ಪ್ರಶ್ನೆ ‘ಎಷ್ಟಡಿ?’ ಅಂತ ಮೊದಲೇ ಬರೆದೆ. ಎಲ್ಲಿ ಕಟ್ಟುತ್ತೀರಿ, ಹಿಂದೆ ಮರ ಇದೆಯಾ, ಬಿಸಿಲು ಯಾವ ಕಡೆಯಿಂದ ಬೀಳುತ್ತದೆ, ಜನ ನಡೆದು ಹೋಗುತ್ತಾರಾ ಬಸ್ಸಿನಲ್ಲಿ ಹೋಗುತ್ತಾರಾ ಅಂತ ಹನ್ನೊಂದು ವರ್ಷದಲ್ಲಿ ಒಂದು ಸಲವೂ ಕೇಳಿಲ್ಲ.

ಮಧ್ಯಾಹ್ನ ಗೆಳೆಯನ ಮನೆಯಲ್ಲಿ ಊಟ. ಜೋಳದ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ, ಕೆನೆ ಮೊಸರು. ಅವನ ತಾಯಿ ‘ಇನ್ನೊಂದ ಹಾಕ್ಕೊಳ್ಳೋ ಯಪ್ಪಾ’ ಅಂತ ರೊಟ್ಟಿ ಹಾಕುತ್ತಲೇ ಹೋದರು. ಊಟವಾದ ಮೇಲೆ ಹೊಲದ ಕಡೆಯಿಂದ ಬಂದ ಸೀತನಿ, ಕೆಂಡದಲ್ಲಿ ಸುಟ್ಟು ತಿಕ್ಕಿದ ಎಳೇ ಜೋಳ. ಜನವರಿಯಲ್ಲಿ ಈ ಕಡೆ ಬಂದ ಪುಣ್ಯ.

ಸಂಜೆ ಚಾಚಾ ತಾವಾಗಿಯೇ ಇಬ್ರಾಹಿಂ ರೋಜಾಕ್ಕೆ ಕರೆದುಕೊಂಡು ಹೋದರು. ಎರಡನೇ ಇಬ್ರಾಹಿಂ ಆದಿಲ್ ಶಾಹ 1580ರಿಂದ 1627ರವರೆಗೆ ಆಳಿದವನು, ಹಾಡು ಕಟ್ಟುತ್ತಿದ್ದ, ಚಿತ್ರ ಬರೆಯುತ್ತಿದ್ದ. ಅವನೂ ಅವನ ರಾಣಿ ತಾಜ್ ಸುಲ್ತಾನಾಳೂ ಮಲಗಿರುವ ಜಾಗ ಇದು, ಕಟ್ಟಿಸಿದವನು ಮಲಿಕ್ ಸಂದಲ್. ಎಲ್ಲರೂ ಮಿನಾರುಗಳನ್ನು ನೋಡುತ್ತಾರೆ. ಚಾಚಾ ನನ್ನನ್ನು ನೇರ ಕಿಟಕಿಗಳ ಹತ್ತಿರ ಒಯ್ದರು. ಕಲ್ಲಿನ ಜಾಲಂದ್ರ. ಜಾಲಂದ್ರದ ಕಿಂಡಿಗಳು ಹೂವಲ್ಲ, ಬಳ್ಳಿಯಲ್ಲ, ಅರಬ್ಬಿ ಅಕ್ಷರಗಳೇ ಕಲ್ಲಾಗಿ ಉಳಿದಿವೆ, ಅಕ್ಷರದ ಸುತ್ತಲಿನ ಕಲ್ಲನ್ನು ಕೊರೆದು ತೆಗೆದಿದ್ದಾರೆ. ಬೆಳಕು ಅಕ್ಷರಗಳ ನಡುವಿನಿಂದ ಒಳಗೆ ಬರುತ್ತದೆ.

‘ಬರದವ ಎಲ್ಲಿ ಬರದಾನ ನೋಡು’ ಅಂದರು ಚಾಚಾ. ‘ಗ್ವಾಡಿ ಮ್ಯಾಲಲ್ಲ. ಗ್ವಾಡಿ ಇಲ್ಲದ ಕಡೆ.’ ಅವರು ಚಿಕ್ಕವರಿದ್ದಾಗ ಉಸ್ತಾದರು ವಾರಕ್ಕೊಮ್ಮೆ ಇಲ್ಲಿ ತಂದು ಕೂರಿಸಿ ಬರೀ ನೋಡುವುದಕ್ಕೆ ಹೇಳುತ್ತಿದ್ದರಂತೆ. ಪೆನ್ಸಿಲ್ ಕೊಡುತ್ತಿರಲಿಲ್ಲವಂತೆ. ಕಾವಲಿನವನು ಹೊತ್ತಾಯಿತು ಅಂತ ಸೀಟಿ ಊದುವವರೆಗೂ ನಾವೂ ಹಾಗೇ ಕೂತಿದ್ದೆವು.

ಹೊರಡುವಾಗ, ನಿಮ್ಮ ಬಗ್ಗೆ ಬರೆಯಬೇಕು ಅಂತಿದ್ದೀನಿ, ಹೆಸರು ಹಾಕಲಾ ಅಂತ ಕೇಳಿದೆ. ತಲೆ ಅಲ್ಲಾಡಿಸಿದರು. ‘ಹೆಸರು ಬ್ಯಾಡ. ಅಕ್ಷರ ನೋಡಿದ್ರ ಗೊತ್ತಾಗಬೇಕು. ಗೊತ್ತಾಗವರಿಗೆ ಗೊತ್ತಾಗ್ತೈತಿ.’ ಹಾಗಾಗಿ ಇಲ್ಲಿ ಅವರ ಹೆಸರಿಲ್ಲ. ಆ ಕಡೆ ಹೋದವರು ಯಾವುದಾದರೂ ಟ್ರೇಲರಿನ ಹಿಂದೆ ತಗ್ಗಿನಲ್ಲಿ ಅರಳಿದ ಕಮಲ ಕಂಡರೆ ಒಂದು ನಿಮಿಷ ನಿಂತು ನೋಡಿ.

ಭಾನುವಾರ

ಬೆಳಗಿನ ಬಸ್ಸಿಗೆ ಬಾಗಲಕೋಟೆ, ಅಲ್ಲಿಂದ ಬಾದಾಮಿ. ಬಸ್ಸು ತುಂಬಾ ಬನಶಂಕರಿ ಜಾತ್ರೆಗೆ ಹೋಗುವ ಜನ, ಕಾಲಿಡಲು ಜಾಗ ಇರಲಿಲ್ಲ. ಜಾತ್ರೆ ಅಂದರೆ ಇಲ್ಲಿ ನಾಟಕ, ರಾತ್ರಿಯಿಡೀ ಕಂಪನಿ ನಾಟಕಗಳು. ದಾರಿಯುದ್ದಕ್ಕೂ ನಾಟಕದ ಬೋರ್ಡುಗಳು, ಹೆಚ್ಚಿನವು ಫ್ಲೆಕ್ಸ್. ಮೊದಲಾದರೆ ನಟಿಯ ಮುಖ ಮಾತ್ರ ನೋಡುತ್ತಿದ್ದೆ. ಈಗ ಕಣ್ಣು ಬೋರ್ಡಿನ ಹಿಂದಿನ ಗೋಡೆಗೇ ಹೋಗುತ್ತಿತ್ತು. ಜಾತ್ರೆಗೆ ಹೋಗುವಷ್ಟು ಹೊತ್ತು ಇರಲಿಲ್ಲ, ಸಂಜೆಗೆ ರೈಲು.

ಬಾದಾಮಿಯಿಂದ ಪಟ್ಟದಕಲ್ಲಿಗೆ 22 ಕಿಲೋಮೀಟರ್. ನಾನು ಹೋದದ್ದು ಒಂದೇ ಕಾರಣಕ್ಕೆ. ಶನಿವಾರ ರಾತ್ರಿ ಗೆಳೆಯ ಹೇಳಿದ್ದ, ಅಲ್ಲಿ ಗೋಡೆ ಮೇಲೆ ಶಿಲ್ಪಿಗಳ ಹೆಸರಿದೆ ಅಂತ. ವಿರೂಪಾಕ್ಷ ದೇವಸ್ಥಾನ ಎಂಟನೇ ಶತಮಾನದ್ದು. ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ಅಲ್ಲಿಯ ಶಾಸನಗಳಲ್ಲಿ ಕಟ್ಟಿದವರ ಹೆಸರೂ ಇದೆ. ಗುಂಡ ಅನಿವಾರಿತಾಚಾರಿ, ಅವನಿಗೆ ‘ತ್ರಿಭುವನಾಚಾರಿ’ ಅಂತ ಬಿರುದು. ಇನ್ನೊಬ್ಬ ಸರ್ವಸಿದ್ಧಿ ಆಚಾರಿ, ತೆಂಕಣ ದಿಕ್ಕಿನ ಸೂತ್ರಧಾರಿ. ರಾಣಿಯ ಹೆಸರಿನ ಜೊತೆಗೇ ಕಲ್ಲುಕುಟಿಗನ ಹೆಸರು, ಅದೇ ಗೋಡೆಯ ಮೇಲೆ. ಎರಡು ದಿನದಿಂದ ಮೂಲೆ ಮೂಲೆಯಲ್ಲಿ ಹೆಸರು ಹುಡುಕುತ್ತಿದ್ದ ನನಗೆ ಅದನ್ನು ನೋಡಿ ಗಂಟಲು ತುಂಬಿ ಬಂತು.

ನನಗೆ ಆ ಹಳೇ ಲಿಪಿ ಓದಲು ಬರುವುದಿಲ್ಲ. ಅಲ್ಲಿದ್ದ ಗೈಡ್ ಅಣ್ಣ ತೋರಿಸಿದ ಸಾಲಿಗೆ ಫೋನಿನ ಬೆಳಕನ್ನು, ಚಾಚಾ ಹೇಳಿದ ಹಾಗೆ, ಎದುರಿನಿಂದಲ್ಲ, ಪಕ್ಕದಿಂದ ಹಿಡಿದೆ. ಅಕ್ಷರಗಳು ಎದ್ದುಬಂದವು. ಫೋಟೋ ತೆಗೆದು ಚಾಚಾಗೆ ಕಳಿಸಿದೆ. ‘ಕಟ್ಟಿದವರ ಹೆಸರು ಚಾಚಾ, ಅಷ್ಟು ವರ್ಷದಿಂದ ಇದೆ’ ಅಂತ ಬರೆದೆ.

ಉತ್ತರ ಬಂದದ್ದು ಬಾದಾಮಿ ಸ್ಟೇಷನ್ನಿನಲ್ಲಿ, ರೈಲಿಗೆ ಕಾಯುತ್ತಾ ಕಡ್ಲೆ ತಿನ್ನುತ್ತಿದ್ದಾಗ. ಮೊಮ್ಮಗಳ ಫೋನಿನಿಂದ ವಾಯ್ಸ್ ಮೆಸೇಜ್, ಹಿಂದೆ ಯಾವುದೋ ಟಿವಿ ಸದ್ದು. ಹೆಸರಿನ ಬಗ್ಗೆ ಒಂದು ಮಾತೂ ಇರಲಿಲ್ಲ.

‘ಚಲೋ ತಗದೀ ತಮ್ಮಾ. ಎಲ್ಲಾ ದುಂಡಗ ಅದಾವ, ಅವಾಗಿಂದನ ಕುಂತಾವ ನೋಡು. ಎರಡನೇ ಸಾಲಿನ್ಯಾಗ ಒಂದ ಕಡೆ ಜಾಸ್ತಿ ಜಾಗ ಬಿಟ್ಟಾನಲ್ಲ, ಅಲ್ಲಿ ಕಲ್ಲಿನ್ಯಾಗ ಏನರ ಸೀಳ ಐತೇನು? ನೋಡಿ ಬಂದೀ?’

ನೋಡಿರಲಿಲ್ಲ. ಫೋಟೋ ತೆರೆದು ಎರಡು ಬೆರಳಿನಿಂದ ದೊಡ್ಡದು ಮಾಡಿದೆ. ಎರಡನೇ ಸಾಲು. ಮಸುಕಾಗುವವರೆಗೂ ದೊಡ್ಡದು ಮಾಡಿದೆ. ಅಲ್ಲಿ ಒಂದು ಸಣ್ಣ ಗೆರೆ, ಮೇಲಿನಿಂದ ಓರೆಯಾಗಿ ಇಳಿದಿತ್ತು. ಅಕ್ಷರ ಆ ಬದಿಗೆ ನಿಂತು, ಗೆರೆ ದಾಟಿ, ಈ ಬದಿಯಲ್ಲಿ ಮತ್ತೆ ಶುರುವಾಗಿತ್ತು.